ಬ್ಯಾಂಡ್ ಹಾಕಿಸಿ ಹದಿಮೂರು ವರ್ಷ: ಅನ್ನವೂ ಇಳಿಯುತ್ತಿಲ್ಲ, ತೂಕವೂ ಇಳಿಯುತ್ತಿಲ್ಲ

ಪ್ರಶ್ನೆ: ಸದಸ್ಯೆ, ಕಾಪು

ಡಾಕ್ಟರರಿಗೆ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನಗೆ 46 ವರ್ಷ, ಎತ್ತರ 158 ಸೆಂಟಿಮೀಟರ್. 2012ರಲ್ಲಿ ಗಂಡನ ಕೆಲಸದ ನಿಮಿತ್ತ ಗಲ್ಫಿನಲ್ಲಿದ್ದಾಗ ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸಲು ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡೆ. ಆಗ 112 ಕಿಲೋ ಇದ್ದೆ. ಎರಡು ವರ್ಷದಲ್ಲಿ 81ಕ್ಕೆ ಬಂದೆ. ಮಂಡಿನೋವು ಹೋಯಿತು, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂತು. 2016ರಲ್ಲಿ ಊರಿಗೆ ಮರಳಿದ ಮೇಲೆ ಬ್ಯಾಂಡನ್ನು ಯಾರಿಗೂ ತೋರಿಸಿಲ್ಲ. ಅಲ್ಲಿ ಆಗಾಗ ಸೂಜಿ ಚುಚ್ಚಿ ನೀರು ತುಂಬಿಸುತ್ತಿದ್ದರು. ಇಲ್ಲಿ ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ.

ಎರಡು ವರ್ಷದಿಂದ ಕುಚ್ಚಲಕ್ಕಿ ಅನ್ನ ನಾಲ್ಕು ತುತ್ತು ಉಂಡರೆ ಎದೆಯ ನಡುವೆ ನಿಂತುಬಿಡುತ್ತದೆ. ಬಾಯಲ್ಲಿ ನೊರೆನೊರೆಯಾಗಿ ಜೊಲ್ಲು ಬರುತ್ತದೆ. ಬಚ್ಚಲಿಗೆ ಹೋಗಿ ಕಕ್ಕಿದ ಮೇಲೆಯೇ ಸಮಾಧಾನ. ಕೋಳಿಯ ತುಂಡು, ಬನ್ಸ್, ಚಪಾತಿ ಇವನ್ನೆಲ್ಲ ಬಿಟ್ಟು ಬಹಳ ದಿನಗಳಾದವು. ಮದುವೆ ಊಟಕ್ಕೆ ಹೋಗುವುದನ್ನೇ ನಿಲ್ಲಿಸಿದ್ದೇನೆ. ಆದರೆ ಪಾಯಸ, ಐಸ್ ಕ್ರೀಮ್, ಚಹಾದಲ್ಲಿ ಅದ್ದಿದ ಬಿಸ್ಕತ್ತು ಸಲೀಸಾಗಿ ಇಳಿಯುತ್ತವೆ. ಹಸಿವಾದಾಗ ಅದನ್ನೇ ತಿನ್ನುತ್ತೇನೆ. ತೂಕ ಮತ್ತೆ 98 ಆಗಿದೆ. ಸಕ್ಕರೆಯ ಮೂರು ತಿಂಗಳ ಸರಾಸರಿ 8.1.

ಎಲ್ಲಕ್ಕಿಂತ ಕಷ್ಟ ರಾತ್ರಿಯದ್ದು. ಮೂರು ದಿಂಬು ಇಟ್ಟು ಮಲಗಿದರೂ ಎರಡು ಗಂಟೆಯ ಹೊತ್ತಿಗೆ ಹುಳಿ ನೀರು ಮೂಗಿಗೆ ಏರಿ, ಕೆಮ್ಮಿ ಕೆಮ್ಮಿ ಏಳುತ್ತೇನೆ. ಬೆಳಗ್ಗೆ ದಿಂಬು ಒದ್ದೆ. ಈ ಮಳೆಗಾಲದಲ್ಲಿ ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಆಂಟಿಬಯೋಟಿಕ್ ತೆಗೆದುಕೊಂಡೆ.

ಮನೆಯಲ್ಲಿ ಬಾಯಿ ಕಟ್ಟಲಾರದವಳು ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ತಮ್ಮನ ಪರಿಚಯದ ಒಬ್ಬರು ಸ್ಲೀವ್ ಎಂಬ, ಜಠರವನ್ನು ಕಿರಿದು ಮಾಡುವ ಆಪರೇಶನ್ ಮಾಡಿಸಿಕೊಂಡು ಚೆನ್ನಾಗಿದ್ದಾರೆ. ಬ್ಯಾಂಡ್ ತೆಗೆಸಿ, ಅದೇ ದಿನ ಸ್ಲೀವ್ ಮಾಡಿಸಬಹುದೇ? ಒಮ್ಮೆ ಸೋತವಳಿಗೆ ಎರಡನೆಯ ಸಲ ಆಪರೇಶನ್ ಕೇಳುವ ಹಕ್ಕಿದೆಯೇ?

ಉತ್ತರ: ಬೇರಿಯಾಟ್ರಿಕ್ (ಬೊಜ್ಜಿನ ಶಸ್ತ್ರಚಿಕಿತ್ಸೆಯ) ಸರ್ಜನ್, ಮಂಗಳೂರು

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹಕ್ಕಿದೆ. ನೀವು ಸೋತಿಲ್ಲ, ನಿಮ್ಮೊಳಗಿನ ಸಾಧನ ಸೋತಿದೆ. ಬ್ಯಾಂಡ್ ಎಂದರೆ ಜಠರದ ಮೇಲ್ಭಾಗಕ್ಕೆ ತೊಡಿಸಿದ, ಒಳಗೆ ನೀರು ತುಂಬಿದಷ್ಟೂ ಬಿಗಿಯಾಗುವ ಸಿಲಿಕೋನ್ ಉಂಗುರ. ಗಟ್ಟಿ ಆಹಾರವನ್ನು ತಡೆದು ನಿಲ್ಲಿಸುವುದು ಮಾತ್ರ ಅದಕ್ಕೆ ಗೊತ್ತು. ಮೀನು, ಮೊಟ್ಟೆ, ಪಲ್ಯ ಅಲ್ಲಿ ಸಿಕ್ಕಿಕೊಳ್ಳುತ್ತವೆ, ಐಸ್ ಕ್ರೀಮ್ ಕರಗಿ ಜಾರಿಹೋಗುತ್ತದೆ. ಉಂಗುರ ಅತಿಯಾಗಿ ಬಿಗಿದಷ್ಟೂ ಮನುಷ್ಯ ಮೆತ್ತನೆಯ ಸಿಹಿಯ ಕಡೆಗೆ ತಳ್ಳಲ್ಪಡುತ್ತಾನೆ. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ನೀವು ಬರೆದದ್ದು ಬಾಯಿಚಪಲದ ಲಕ್ಷಣವಲ್ಲ, ಬ್ಯಾಂಡ್ ಬಿಗಿಯಾಗಿರುವ ಲಕ್ಷಣ.

ಅಮೆರಿಕದಲ್ಲಿ ಈ ಬ್ಯಾಂಡಿಗೆ ಅನುಮತಿ ಸಿಕ್ಕಿದ್ದು 2001ರಲ್ಲಿ. ಜಠರವನ್ನು ಕತ್ತರಿಸಬೇಕಾಗಿಲ್ಲ, ಬೇಡವಾದರೆ ತೆಗೆಯಬಹುದು ಎಂಬ ಕಾರಣಕ್ಕೆ ಆಮೇಲಿನ ಹತ್ತು ವರ್ಷ ಜಗತ್ತಿನೆಲ್ಲೆಡೆ ಹಾಕಿದರು. ವರ್ಷಗಳು ಕಳೆದ ಹಾಗೆ ಜಾರುವುದು, ಮೇಲಿನ ಚೀಲ ಹಿಗ್ಗುವುದು, ಜಠರದ ಗೋಡೆ ಕೊರೆದು ಒಳಹೋಗುವುದು, ನೀರು ತುಂಬುವ ಕೊಳವೆ ಸೋರುವುದು ಒಂದೊಂದಾಗಿ ಕಾಣಿಸಿಕೊಂಡವು. ಈಗ ಹೊಸದಾಗಿ ಹಾಕುವವರು ತೀರಾ ವಿರಳ. ನಮ್ಮ ಕರಾವಳಿಯಲ್ಲಿ ಬ್ಯಾಂಡಿನವರು ಬಂದರೆ ನಾನು ಮೊದಲು ಕೇಳುವುದೇ ಯಾವ ದೇಶದಲ್ಲಿದ್ದಿರಿ ಎಂದು. ದುಡಿಯಲು ಹೋದ ಊರಿನಲ್ಲಿ ಹಾಕಿಸಿಕೊಂಡು, ಊರಿಗೆ ಮರಳಿದ ಮೇಲೆ ಕೇಳುವವರಿಲ್ಲದೆ ಉಳಿದವರು ನಿಮ್ಮ ಹಾಗೆ ಇನ್ನೂ ಇದ್ದಾರೆ. ಈ ಉತ್ತರ ಅವರಿಗೂ ಸೇರಿದ್ದು.

ಈಗ ನಿಮ್ಮ ರಾತ್ರಿಯ ಕೆಮ್ಮಿನ ವಿಷಯ. ಇದು ಮುಂದಿನ ತಿಂಗಳಿಗೆ ಇಡುವ ಮಾತಲ್ಲ. ಬ್ಯಾಂಡಿನ ಮೇಲೆ ನಿಂತ ಆಹಾರ, ಜೊಲ್ಲು, ಹುಳಿ ನೀರು ಮಲಗಿದಾಗ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಮಳೆಗಾಲದ ಆ ಎರಡು ಕಫಗಳೂ ಅದರದ್ದೇ ಆಗಿರಬಹುದು. ಆದ್ದರಿಂದ ಈ ವಾರವೇ ಆಗಬೇಕಾದ ಕೆಲಸ ಒಂದೇ: ಬ್ಯಾಂಡಿನೊಳಗಿನ ನೀರನ್ನು ಪೂರ್ತಿ ತೆಗೆಸುವುದು. ಇದಕ್ಕೆ ಆಪರೇಶನ್ ಬೇಡ, ಅರಿವಳಿಕೆ ಬೇಡ. ಸೀರೆ ಉಡುವಾಗ ಹೊಟ್ಟೆಯ ಚರ್ಮದ ಕೆಳಗೆ ನಾಣ್ಯದ ಹಾಗೆ ಗಟ್ಟಿಯಾದದ್ದು ಕೈಗೆ ತಾಗುತ್ತದೆಯಲ್ಲ, ಅದು ಪೋರ್ಟ್, ಕೊಳವೆಯ ಮೂಲಕ ಬ್ಯಾಂಡಿಗೆ ಸೇರಿರುತ್ತದೆ. ಅದರ ರಬ್ಬರ್ ಹಾಳಾಗದಂಥ ವಿಶೇಷ ಸೂಜಿಯಿಂದ ಚುಚ್ಚಿ ಸಲೈನ್ ಎಳೆಯುತ್ತೇವೆ. ಸಾಮಾನ್ಯ ಸಿರಿಂಜಿನ ಸೂಜಿಯಿಂದ ಯಾರೂ ಚುಚ್ಚದಿರಲಿ. ಪೋರ್ಟ್ ತೂತಾಗಿ ಸೋರಲು ಅಷ್ಟು ಸಾಕು. ಬ್ಯಾಂಡಿನ ನಮೂನೆಗೆ ತಕ್ಕಂತೆ ಒಳಗೆ 4ರಿಂದ 14 ಮಿಲಿಲೀಟರ್‌ವರೆಗೆ ಹಿಡಿಸುತ್ತದೆ. ಹಳೆಯ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕೊನೆಯ ಸಲ ನೀರು ತುಂಬಿಸಿದ ದಾಖಲೆ ಇದ್ದರೆ ಹುಡುಕಿ. ಇರಬೇಕಾದಷ್ಟು ನೀರು ಬಾರದಿದ್ದರೆ ಎಲ್ಲೋ ಸೋರಿದೆ ಎಂದು ತಿಳಿಯುತ್ತದೆ.

ಅಲ್ಲಿಯವರೆಗೆ ಮಲಗುವ ಮೂರು ಗಂಟೆ ಮೊದಲು ಏನನ್ನೂ ತಿನ್ನಬೇಡಿ. ಸ್ವಂತ ಜೊಲ್ಲೂ ನುಂಗಲಾಗದ ಸ್ಥಿತಿ, ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ತೀವ್ರ ನೋವು, ರಕ್ತವಾಂತಿ, ಕಪ್ಪು ಮಲ, ಜ್ವರ ಇವುಗಳಲ್ಲಿ ಒಂದು ಬಂದರೂ ತಡಮಾಡದೆ ತುರ್ತು ವಿಭಾಗಕ್ಕೆ ಹೋಗಿ. ಬ್ಯಾಂಡ್ ಜಾರಿ ಜಠರದ ರಕ್ತಸಂಚಾರ ನಿಂತರೆ ಗಂಟೆಗಳ ಲೆಕ್ಕ. ವಾಂತಿ ದಿನವೂ ಆಗುತ್ತಿದ್ದರೆ ಬಿ1 ಜೀವಸತ್ವ ಬರಿದಾಗುತ್ತದೆ. ಕಣ್ಣಿಗೆ ಎರಡೆರಡು ಕಾಣಿಸಿದರೆ, ನಡೆಯುವಾಗ ತೂರಾಡಿದರೆ ಅದೂ ತುರ್ತೇ. ಅಂಥ ಹೊತ್ತಿನಲ್ಲಿ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬಿ1 ಚುಚ್ಚುಮದ್ದು ಕೊಡಬೇಕು ಎಂದು ಜೊತೆಗಿರುವವರು ನೆನಪಿಸಿ.

ಸ್ಲೀವ್ ಬಗ್ಗೆ ಈಗಲೇ ಹೌದು ಎನ್ನುವುದಿಲ್ಲ. ಏನು ಕೆಟ್ಟಿದೆ ಎಂದು ನೋಡದೆ ಏನು ಮಾಡಬೇಕೆಂದು ಹೇಳುವುದು ತಪ್ಪು. ನೀರು ತೆಗೆದ ಮೇಲೆ ಒಂದು ಎಕ್ಸ್‌ರೇ, ಬೇರಿಯಂ ಕುಡಿಸಿ ಮಾಡುವ ಪರೀಕ್ಷೆ, ಎಂಡೋಸ್ಕೋಪಿ ಮತ್ತು ರಕ್ತಪರೀಕ್ಷೆ ಮಾಡಿಸಿ. ಎಕ್ಸ್‌ರೇಯಲ್ಲಿ ಸರಿಯಾಗಿ ಕೂತ ಬ್ಯಾಂಡ್ ಎಡಭುಜದ ಕಡೆಗೆ ಓರೆಯಾದ ಪಟ್ಟಿಯಂತೆ ಕಾಣುತ್ತದೆ. ಜಾರಿದ್ದರೆ ಅಡ್ಡ ಮಲಗಿರುತ್ತದೆ, ಇಲ್ಲವೇ ಪೂರ್ತಿ ಬಳೆಯಾಗಿ ಕಾಣುತ್ತದೆ. ಫಿಲ್ಮು, ವರದಿ ಎರಡನ್ನೂ ತನ್ನಿ.

ಪ್ರತಿಕ್ರಿಯೆ: ಸದಸ್ಯ, ಬ್ರಹ್ಮಾವರ

ಕ್ಷಮಿಸಿ, ನಡುವೆ ಬಂದೆ. ನನ್ನ ಹೆಂಡತಿಗೂ ಹೊರದೇಶದಲ್ಲಿ ಬ್ಯಾಂಡ್ ಹಾಕಿಸಿದ್ದೆವು. ಅವಳಿಗೆ ವಾಂತಿ ಇಲ್ಲ, ನೋವಿಲ್ಲ. ಬದಲಾಗಿ ಈಗ ಎಷ್ಟು ಬೇಕಾದರೂ ಉಣ್ಣಬಹುದು ಎನ್ನುತ್ತಾಳೆ. ಪೋರ್ಟ್ ಇರುವ ಜಾಗ ಮಾತ್ರ ಕೆಂಪಾಗಿ ಕೀವು ಬರುತ್ತದೆ. ಮೂರು ಸಲ ಮಾತ್ರೆ ತೆಗೆದುಕೊಂಡರೂ ಹದಿನೈದು ದಿನದಲ್ಲಿ ಮತ್ತೆ ಶುರು. ಚರ್ಮದ ಡಾಕ್ಟರರಿಗೆ ತೋರಿಸಲೇ?

ಉತ್ತರ: ಸರ್ಜನ್

ಚರ್ಮದ ಡಾಕ್ಟರರಲ್ಲಿಗೆ ಬೇಡ, ನೇರವಾಗಿ ಎಂಡೋಸ್ಕೋಪಿಗೆ ಕರೆದುಕೊಂಡು ಹೋಗಿ. ಬ್ಯಾಂಡ್ ಹಾಕಿ ವರ್ಷಗಳಾದ ಮೇಲೆ ಪೋರ್ಟ್ ಸೋಂಕಾದರೆ, ಅದರ ಜೊತೆಗೆ ಹಠಾತ್ತಾಗಿ ಊಟಕ್ಕೆ ತಡೆಯೂ ಇಲ್ಲವಾದರೆ, ಉಂಗುರ ಜಠರದ ಗೋಡೆಯನ್ನು ಕೊರೆದು ಒಳಗೆ ಸೇರಿದೆ ಎಂದೇ ಹಿಡಿದು ನಡೆಯಬೇಕು, ಅಲ್ಲ ಎಂದು ಕಣ್ಣಾರೆ ಕಾಣುವವರೆಗೆ. ಜಠರದ ಸೋಂಕು ಕೊಳವೆಯ ಗುಂಟ ಹೊರಗೆ ಬಂದು ಚರ್ಮದಲ್ಲಿ ಕಾಣಿಸುತ್ತದೆ. ಹಾಗಾಗಿದ್ದರೆ ಬ್ಯಾಂಡ್ ತೆಗೆಯಲೇಬೇಕು, ಗೋಡೆ ಮಾಯಲು ತಿಂಗಳುಗಟ್ಟಲೆ ಬಿಡಬೇಕು. ಅದೇ ದಿನ ಇನ್ನೊಂದು ತೂಕದ ಶಸ್ತ್ರಚಿಕಿತ್ಸೆ ಮಾಡೋಣ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಮೂರು ವಾರದ ನಂತರ: ಸದಸ್ಯೆ, ಕಾಪು

ಡಾಕ್ಟರೇ, ನೀರು ತೆಗೆಸಿದೆ. 7 ಮಿಲಿಲೀಟರ್ ಬಂತು, ತಿಳಿಯಾಗಿತ್ತು. ಸೂಜಿ ತೆಗೆದ ಕೂಡಲೇ ಅಲ್ಲಿಯೇ ನಿಲ್ಲಿಸಿ ಒಂದು ಲೋಟ ನೀರು ಕುಡಿಯಲು ಹೇಳಿದರು. ನನಗೆ ಭಯ. ಒಂದು ಗುಟುಕು ಕುಡಿದು ಎದೆ ಹಿಡಿದುಕೊಂಡು ಕಾದೆ. ಏನೂ ಆಗಲಿಲ್ಲ. ತಣ್ಣಗೆ ಕೆಳಗಿನವರೆಗೂ ಇಳಿದದ್ದು ಗೊತ್ತಾಯಿತು. ಲೋಟ ಖಾಲಿ ಮಾಡಿ ಅಲ್ಲೇ ಅತ್ತುಬಿಟ್ಟೆ. ಆ ರಾತ್ರಿ ಒಂದೇ ದಿಂಬಿನಲ್ಲಿ ಬೆಳಗಿನವರೆಗೆ ನಿದ್ದೆ ಮಾಡಿದೆ. ಮರುದಿನ ಗಂಡ ಒದ್ದೆಯಾಗದ ದಿಂಬನ್ನು ಮುಟ್ಟಿ ನೋಡಿದರು. ಅಂದಿನಿಂದ ಮನೆಯಲ್ಲಿ ಆ ಮಾತು ಯಾರೂ ಆಡಿಲ್ಲ.

ಆದರೆ ಈಗ ಹಸಿವು ವಿಪರೀತ. ಮೂರು ವಾರದಲ್ಲಿ 2 ಕಿಲೋ ಏರಿ 100 ಆಗಿದೆ. ವರದಿಯಲ್ಲಿ ಇರುವುದು: ಬ್ಯಾಂಡ್ ಜಾರಿಲ್ಲ, ಅದರ ಮೇಲಿನ ಚೀಲ ಹಿಗ್ಗಿದೆ, ಅನ್ನನಾಳವೂ ಸ್ವಲ್ಪ ಅಗಲವಾಗಿದೆ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ತುದಿಯಲ್ಲಿ ಹುಣ್ಣಿದೆ, ಬ್ಯಾಂಡಿನ ಕೊರೆತ ಇಲ್ಲ, ಎಚ್. ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾ ಇದೆ. ಹಿಮೋಗ್ಲೋಬಿನ್ 9.8, ಬಿ12 ಕಡಿಮೆ. ಈಗ ಹೇಳಿ, ಸ್ಲೀವೋ, ಜಠರದ ಬೈಪಾಸೋ? ಬರೀ ಬ್ಯಾಂಡ್ ತೆಗೆಸಿ ಸುಮ್ಮನಿರಬಹುದೇ?

ಉತ್ತರ: ಸರ್ಜನ್

ನೀವು ನಿದ್ದೆ ಮಾಡಿದಿರಿ ಎಂದು ಓದಿ ನಿಜಕ್ಕೂ ಸಂತೋಷವಾಯಿತು.

ತೂಕ ಏರಿದ್ದಕ್ಕೆ ಹೆದರಿ ಮತ್ತೆ ನೀರು ತುಂಬಿಸಿಕೊಳ್ಳಬೇಡಿ. ಬ್ಯಾಂಡನ್ನು ಸರಿಪಡಿಸಿ ಮುಂದುವರಿಸುವ ಹಂತ ನಿಮ್ಮಲ್ಲಿ ದಾಟಿದೆ. ಅನ್ನನಾಳ ಹದಿಮೂರು ವರ್ಷ ಮುಚ್ಚಿದ ಬಾಗಿಲನ್ನು ತಳ್ಳಿ ತಳ್ಳಿ ಸೋತಿದೆ.

ಬರೀ ತೆಗೆಸಿ ಸುಮ್ಮನಿರಬಹುದು, ಅದೂ ಒಂದು ಗೌರವದ ಆಯ್ಕೆಯೇ. ಆದರೆ ತೆಗೆದ ಮೇಲೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ, ಅದರ ಹಿಂದೆಯೇ ಸಕ್ಕರೆಯೂ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಈಗ 40ರ ಆಸುಪಾಸು. ಏಷ್ಯಾದವರಲ್ಲಿ 27.5 ದಾಟಿದವರಿಗೇ ಈ ಚಿಕಿತ್ಸೆಯನ್ನು ಮುಂದಿಡಬಹುದು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಕ್ಕರೆ ಕಾಯಿಲೆಯೂ ಇರುವುದರಿಂದ ನಿಮಗೆ ಎರಡನೆಯ ಶಸ್ತ್ರಚಿಕಿತ್ಸೆ ಅಗತ್ಯ ಎಂದೇ ನನ್ನ ಅಭಿಪ್ರಾಯ.

ಸ್ಲೀವ್ ಬೇಡ ಎನ್ನುತ್ತೇನೆ. ಸ್ಲೀವ್ ಎಂದರೆ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಕಿರಿದಾದ ಕೊಳವೆ ಮಾಡುವುದು. ಕೊಳವೆಯೊಳಗೆ ಒತ್ತಡ ಹೆಚ್ಚು, ಆಮ್ಲ ಮೇಲಕ್ಕೆ ಚಿಮ್ಮುತ್ತದೆ. ಅನ್ನನಾಳದಲ್ಲಿ ಈಗಾಗಲೇ ಹುಣ್ಣಿರುವ ನಿಮಗೆ ಒಂದು ಎದೆಯುರಿಯಿಂದ ಇನ್ನೊಂದಕ್ಕೆ ದಾಟಿದ ಹಾಗಾಗುತ್ತದೆ. ತಮ್ಮನ ಪರಿಚಯದವರಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತೇವೆ. ಆಮ್ಲ ಹುಟ್ಟುವ ದೊಡ್ಡ ಭಾಗ ದಾರಿಯಿಂದ ಬೇರೆಯಾಗುವುದರಿಂದ ಎದೆಯುರಿ ಇಳಿಯುತ್ತದೆ, ಸಕ್ಕರೆಯೂ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಮಿನಿ ಬೈಪಾಸ್ ಎಂಬುದೂ ಒಂದಿದೆ. ಅದರಲ್ಲಿ ಪಿತ್ತರಸ ಮೇಲಕ್ಕೆ ಬರುವ ಸಾಧ್ಯತೆ ಇರುವುದರಿಂದ ನಿಮ್ಮ ಅನ್ನನಾಳ ನೋಡಿದ ಮೇಲೆ ಅದನ್ನು ನಾನು ಆರಿಸುವುದಿಲ್ಲ.

ಒಂದೇ ದಿನದಲ್ಲಿಯೋ, ಎರಡು ಹಂತದಲ್ಲಿಯೋ ಎಂಬುದರಲ್ಲಿ ಸರ್ಜನ್‌ಗಳ ನಡುವೆಯೇ ಎರಡು ಮಾತಿದೆ. ಕೊರೆತವಿಲ್ಲದ, ಹಿಗ್ಗಿಲ್ಲದ ಜಠರವಾದರೆ ಒಂದೇ ಸಲ ಮಾಡುವವರಿದ್ದಾರೆ, ಫಲಿತಾಂಶವೂ ಚೆನ್ನಾಗಿದೆ. ನಾನು ನಿಮಗೆ ಎರಡು ಹಂತ ಸೂಚಿಸುತ್ತೇನೆ. ಬ್ಯಾಂಡಿನ ಸುತ್ತ ದೇಹ ಗಟ್ಟಿಯಾದ ಗಾಯದ ಕವಚ ಕಟ್ಟಿರುತ್ತದೆ. ಅದರ ಅಡಿಯ ಜಠರ ಊದಿಕೊಂಡು ದಪ್ಪವಾಗಿರುತ್ತದೆ. ಅಂಥ ಜಾಗದಲ್ಲಿ ಸ್ಟೇಪಲ್ ಹಾಕಿದರೆ ಹೊಲಿಗೆ ಸರಿಯಾಗಿ ಕೂರದೆ ಸೋರುವ ಭಯ. ಮೊದಲು ಲ್ಯಾಪರೋಸ್ಕೋಪಿಯಲ್ಲಿ ಬ್ಯಾಂಡ್, ಕೊಳವೆ, ಪೋರ್ಟ್ ತೆಗೆದು ಕವಚವನ್ನೂ ಬಿಡಿಸಿ, ಸುಮಾರು ಮೂರು ತಿಂಗಳು ಬಿಟ್ಟು, ಬೇರಿಯಂ ಪರೀಕ್ಷೆಯಲ್ಲಿ ಅನ್ನನಾಳ ಮೊದಲಿನ ಅಳತೆಗೆ ಬಂದದ್ದನ್ನು ನೋಡಿ ಬೈಪಾಸ್. ಆ ಮೂರು ತಿಂಗಳಲ್ಲಿ ಎಚ್. ಪೈಲೋರಿಗೆ ಚಿಕಿತ್ಸೆ, ಕಬ್ಬಿಣ ಮತ್ತು ಬಿ12 ತುಂಬುವುದು, ಸಕ್ಕರೆ ಇಳಿಸುವುದು, ಎಲ್ಲಕ್ಕೂ ಸಮಯ ಸಿಗುತ್ತದೆ. ತೂಕ ಸ್ವಲ್ಪ ಏರುತ್ತದೆ, ಏರಲಿ.

ಅಪಾಯವನ್ನೂ ಮುಚ್ಚಿಡದೆ ಹೇಳಬೇಕು. ಎರಡನೆಯ ಸಲದ ಶಸ್ತ್ರಚಿಕಿತ್ಸೆಯಲ್ಲಿ ಸೋರಿಕೆ, ರಕ್ತಸ್ರಾವದ ಸಾಧ್ಯತೆ ಮೊದಲ ಸಲಕ್ಕಿಂತ ಹೆಚ್ಚು, ಇಳಿಯುವ ತೂಕ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಕೊಡುತ್ತೇವೆ, ಆಪರೇಶನ್ನಿನ ದಿನವೇ ನಡೆಸುತ್ತೇವೆ. ಮನೆಗೆ ಹೋದ ಮೇಲೆ ನಾಡಿ 120 ದಾಟಿದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಹೊಟ್ಟೆನೋವು ಭುಜದವರೆಗೆ ಹಬ್ಬಿದರೆ ಬೆಳಗಾಗಲು ಕಾಯಬಾರದು. ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ದೂರವಿಡಬೇಕು. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವ ಅಭ್ಯಾಸ ನಮ್ಮಲ್ಲಿ ಹೆಚ್ಚಿರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಬೇರೆ ಸರ್ಜನ್ ಒಬ್ಬರ ಅಭಿಪ್ರಾಯವನ್ನೂ ಕೇಳಿ. ನನಗೆ ಅದರಿಂದ ಬೇಸರವಿಲ್ಲ. ಕೇಳುವಾಗ ಬ್ಯಾಂಡ್ ತೆಗೆದು ಬೈಪಾಸ್ ಮಾಡಿದ ಅನುಭವ ಎಷ್ಟಿದೆ ಎಂದು ನೇರವಾಗಿ ಕೇಳಿ. ಸ್ಲೀವ್ ಎಷ್ಟು ಮಾಡಿದ್ದೀರಿ ಎಂಬುದು ಬೇರೆ ಪ್ರಶ್ನೆ.

ಉತ್ತರ: ಆಹಾರ ತಜ್ಞೆ, ಮಣಿಪಾಲ

ಅಕ್ಕಾ, ಹಸಿವಿನ ವಿಷಯ ನನಗೆ ಬಿಡಿ. ಎರಡು ವರ್ಷ ನಿಮ್ಮ ಊಟದಲ್ಲಿ ಪ್ರೊಟೀನ್ ಹೆಚ್ಚುಕಡಿಮೆ ಇರಲೇ ಇಲ್ಲ. ಈಗ ನುಂಗಲು ಬರುತ್ತದೆ, ಅದನ್ನು ಮೊದಲು ತುಂಬಿಸಿಕೊಳ್ಳಿ. ತಟ್ಟೆಯಲ್ಲಿ ಮೊದಲ ತುತ್ತು ಮೀನು. ಬಂಗುಡೆ, ಬೂತಾಯಿ ಹುರಿಯುವುದು ಬೇಡ, ಪುಳಿಮುಂಚಿ ಮಾಡಿ, ಮುಳ್ಳು ಬಿಡಿಸಿ ನಿಧಾನವಾಗಿ ತಿನ್ನಿ. ಮೀನಿಲ್ಲದ ದಿನ ಎರಡು ಮೊಟ್ಟೆ, ಇಲ್ಲವೇ ಹೆಸರುಕಾಳಿನ ಗಸಿ. ಹುರುಳಿ ಸಾರಿನ ತಿಳಿ ಮಾತ್ರ ಕುಡಿದು ಕಾಳು ಬಿಡಬೇಡಿ, ಪ್ರೊಟೀನ್ ಕಾಳಿನಲ್ಲಿದೆ. ಅನ್ನ ಕೊನೆಗೆ. ಗಂಜಿ ಊಟ ಎಂದರೆ ಹಗುರ ಎಂದು ನಾವು ತಿಳಿದಿದ್ದೇವೆ, ಆದರೆ ದೊಡ್ಡ ಬಟ್ಟಲು ಗಂಜಿ ಸಕ್ಕರೆಯನ್ನು ಸರಕ್ಕನೆ ಏರಿಸುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಗುರಿ, ಬೈಪಾಸ್ ನಂತರವೂ ಅದೇ. ಆಗ ಕ್ಯಾಲ್ಸಿಯಂ ಸಿಟ್ರೇಟ್, ಡಿ ಜೀವಸತ್ವ, ಕಬ್ಬಿಣ, ಬಿ12 ಜೀವನಪೂರ್ತಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ಚಹಾದ ಜೊತೆಗಂತೂ ಕಬ್ಬಿಣ ಬೇಡವೇ ಬೇಡ. ದೊಡ್ಡ ಸಕ್ಕರೆ ಮಾತ್ರೆಯನ್ನು ಪುಡಿಮಾಡಿ ತಿನ್ನುತ್ತಿದ್ದೆ ಎಂದು ಫೋನಿನಲ್ಲಿ ಹೇಳಿದಿರಿ. ಅದು ನಿಧಾನವಾಗಿ ಕರಗುವ ಬಗೆಯ ಮಾತ್ರೆ, ಪುಡಿಮಾಡಬಾರದು. ನಿಮ್ಮ ಡಾಕ್ಟರರಿಂದ ಬೇರೆ ಬಗೆ ಬರೆಸಿಕೊಳ್ಳಿ.

ಪ್ರತಿಕ್ರಿಯೆ: ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೆಲಸ ಮಾಡುವ ಸದಸ್ಯೆ, ಮಂಗಳೂರು

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹಲವರು ಎಡವುತ್ತಾರೆ. ವಿಮಾ ಪ್ರಾಧಿಕಾರದ ನಿಯಮದ ಪ್ರಕಾರ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು. 35ರ ಮೇಲಾದರೆ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ತೀವ್ರವಾದ ನಿದ್ರಾ ಉಸಿರುಗಟ್ಟುವಿಕೆ, ಹೃದಯದ ಕಾಯಿಲೆಗಳಂಥ ಗಂಭೀರ ತೊಂದರೆ ಜೊತೆಗಿದ್ದು, ಬೇರೆ ಉಪಾಯಗಳು ಫಲಿಸಿರಬಾರದು. ನಿಮ್ಮದು ಎರಡು ಹಂತದ್ದು, ಎರಡಕ್ಕೂ ಬೇರೆ ಬೇರೆ ಅನುಮತಿ ಪತ್ರ ಹಾಕಿಸಿ. ಮೊದಲನೆಯದರಲ್ಲಿ ತೂಕ ಇಳಿಸಲು ಎಂದು ಬರೆಯಬಾರದು. ಅನ್ನನಾಳ ಹಿಗ್ಗಿದೆ, ರಾತ್ರಿ ಹುಳಿ ನೀರು ಶ್ವಾಸಕೋಶಕ್ಕೆ ಹೋಗುತ್ತಿತ್ತು, ಆದ್ದರಿಂದ ಸಾಧನ ತೆಗೆಯುತ್ತಿದ್ದೇವೆ ಎಂದು ಇರುವ ಸತ್ಯವನ್ನೇ ಡಾಕ್ಟರರು ಬರೆಯಲಿ, ಬೇರಿಯಂ ವರದಿ ಲಗತ್ತಿಸಲಿ. ಪಾಲಿಸಿ ಮಾಡಿಸುವಾಗ ಬ್ಯಾಂಡ್ ಇದೆ ಎಂದು ತಿಳಿಸಿದ್ದೀರಾ ನೋಡಿಕೊಳ್ಳಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ ಮೂರು ವರ್ಷ.

ಸದಸ್ಯೆ, ಕಾಪು

ಪಾಲಿಸಿಯಲ್ಲಿ ಬ್ಯಾಂಡಿನ ವಿಷಯ ಬರೆಸಿದ್ದೇವೆ, ಏಳು ವರ್ಷವಾಯಿತು. ಗಂಡ ಅಲ್ಲಿನ ಆಸ್ಪತ್ರೆಗೆ ಇಮೇಲ್ ಕಳುಹಿಸಿದ್ದರು. ನಿನ್ನೆ ಆಪರೇಶನ್ ಟಿಪ್ಪಣಿ ಬಂತು, ಬ್ಯಾಂಡಿನ ನಮೂನೆ, ಸಂಖ್ಯೆ ಎಲ್ಲ ಅದರಲ್ಲಿದೆ. ಕೊನೆಯ ಸಲ ತುಂಬಿಸಿದ್ದು 7 ಮಿಲಿಲೀಟರ್ ಎಂದೇ ಇದೆ. ಬೇರೆ ಸರ್ಜನ್ ಒಬ್ಬರನ್ನೂ ಕಂಡೆವು. ಅವರೂ ಬೈಪಾಸ್ ಎಂದೇ ಹೇಳಿದರು, ಒಂದೇ ಸಲ ಮಾಡಬಹುದು ಎಂದರು. ನಾನು ಮೂರು ತಿಂಗಳು ಕಾಯುತ್ತೇನೆ. ಬ್ಯಾಂಡ್ ತೆಗೆಸಲು ಯಾವಾಗ ಬರಲಿ?

ಉತ್ತರ: ಸರ್ಜನ್

ತುಂಬಿಸಿದ್ದೂ 7, ಬಂದದ್ದೂ 7. ಹಾಗಾದರೆ ಎಲ್ಲಿಯೂ ಸೋರಿಲ್ಲ. ಎಚ್. ಪೈಲೋರಿಯ ಹದಿನಾಲ್ಕು ದಿನದ ಮಾತ್ರೆ ಮುಗಿಸಿ, ಮರುವಾರದ ಮಂಗಳವಾರ ಬನ್ನಿ. ಆ ಟಿಪ್ಪಣಿಯ ಪ್ರತಿ, ಎಕ್ಸ್‌ರೇ ಫಿಲ್ಮು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ತನ್ನಿ. ಅಂದೇ ಅರಿವಳಿಕೆ ತಜ್ಞರಿಗೂ ತೋರಿಸಿ ದಿನ ಗೊತ್ತುಮಾಡೋಣ. ಗಂಡನನ್ನೂ ಕರೆತನ್ನಿ.